ಎರಡು ಕೋಡ್‌ಗಳೂ ಫೇಲ್ ಅಂದ ಕಾಲಂ ಪಾಸ್ ಆಗಿದ್ದು ಹೇಗೆ? ಲೋಡ್ ಕಾಂಬಿನೇಷನ್‌ನಲ್ಲಿ ದೋಷ ಹುಡುಕುವ ಬಗೆ

400 × 400 ಮಿ.ಮೀ. ಕಾಲಂ. ಎಂ25 ಕಾಂಕ್ರೀಟ್. 500 ದರ್ಜೆಯ 16 ಮಿ.ಮೀ. ಸರಳು ಎಂಟು. ಮೇಲಿಂದ ಬರುವ ಡೆಡ್ ಲೋಡ್ (ಕಟ್ಟಡದ ಸ್ವಂತ ತೂಕ) 1000 ಕಿಲೋನ್ಯೂಟನ್, ಲೈವ್ ಲೋಡ್ (ಜನ, ಸಾಮಾನಿನ ಭಾರ) 500. ನನ್ನ ಎಕ್ಸೆಲ್ ಹಾಳೆ ಇದನ್ನು ಪಾಸ್ ಮಾಡಿತ್ತು. ಜೊತೆಗಿದ್ದ ಹಿರಿಯ ಎಂಜಿನಿಯರ್ ಒಬ್ಬರು ಐದು ನಿಮಿಷ ಕೈಲೆಕ್ಕ ಹಾಕಿ ಫೇಲ್ ಅಂದರು. ಭಾರತದ ಕಾಂಕ್ರೀಟ್ ವಿನ್ಯಾಸದ ಕೋಡ್ (ನಿಯಮಾವಳಿ) ಐಎಸ್ 456ರಲ್ಲಿ ಫೇಲ್. ಅಮೆರಿಕದ ಎಸಿಐ 318ರಲ್ಲಿ ನೋಡಿದರೂ ಫೇಲ್. ಎರಡು ಕೋಡ್‌ಗಳೂ ಬೇಡ ಅಂದ ಕಾಲಂ ನನ್ನ ಹಾಳೆಯಲ್ಲಿ ಮಾತ್ರ ಆರಾಮಾಗಿ ನಿಂತಿತ್ತು.

ಆ ದಿನದಿಂದ ಎರಡು ಕೋಡ್‌ಗಳ ಉತ್ತರ ಹೊಂದದೆ ಇದ್ದಾಗಲೆಲ್ಲ ನಾನು ಒಂದು ಕ್ರಮದಲ್ಲಿ ಹುಡುಕುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಐಎಸ್ 456 ಅಂದರೆ 2000ದ ಆವೃತ್ತಿ, ಭಾರತದ ಭೂಕಂಪದ ಕೋಡ್ ಐಎಸ್ 1893 ಅಂದರೆ 2016ರದ್ದು. ಎಸಿಐ 318 ಅಂದಾಗ, ಬೇರೆ ಹೇಳದಿದ್ದರೆ, 2002ರ ನಂತರದ ಫ್ಯಾಕ್ಟರ್‌ಗಳು. ಫ್ಯಾಕ್ಟರ್ ಅಂದರೆ ಸುರಕ್ಷತೆಗಾಗಿ ಲೋಡ್‌ಗೆ ಗುಣಿಸುವ ಸಂಖ್ಯೆ; ಬೇರೆ ಬೇರೆ ಲೋಡ್‌ಗಳನ್ನು ಹಾಗೆ ಗುಣಿಸಿ ಕೂಡಿಸುವುದೇ ಲೋಡ್ ಕಾಂಬಿನೇಷನ್. ಯೂರೋಕೋಡ್ ಅಂದರೆ ಇಎನ್ 1990 ಮತ್ತು ಇಎನ್ 1992, ಅವು ಸೂಚಿಸಿದ ಮೂಲ ಬೆಲೆಗಳೊಂದಿಗೆ.

ಮೊದಲು ಕೇಳಬೇಕಾದ್ದು: ಇದು ನಿಜಕ್ಕೂ ದೋಷವೇ?

ಉತ್ತರ ಬೇರೆ ಬಂದ ಮಾತ್ರಕ್ಕೆ ಯಾರೋ ತಪ್ಪು ಮಾಡಿದ್ದಾರೆ ಅಂತ ಅಲ್ಲ. ಸಹಜ ವ್ಯತ್ಯಾಸ ಎಷ್ಟು ಅನ್ನೋದು ಗೊತ್ತಿದ್ದರೆ ಮಾತ್ರ ಅಸಹಜವಾದದ್ದು ಕಣ್ಣಿಗೆ ಬೀಳುತ್ತದೆ. ಅದಕ್ಕೆ ಕೈಯಲ್ಲೇ ಮಾಡಬಹುದಾದ ಒಂದು ಬೀಮ್ ತೆಗೆದುಕೊಳ್ಳಿ.

ಎರಡೂ ತುದಿಯಲ್ಲಿ ಸುಮ್ನೆ ಕೂತಿರುವ, 6 ಮೀಟರ್ ಉದ್ದದ ಬೀಮ್. ಮೀಟರ್‌ಗೆ ಡೆಡ್ 20 ಕಿಲೋನ್ಯೂಟನ್, ಲೈವ್ 10. ಐಎಸ್ 456 ಎರಡಕ್ಕೂ 1.5 ಹಾಕುತ್ತದೆ, ಒಟ್ಟು 45. ಎಸಿಐ ಡೆಡ್‌ಗೆ 1.2, ಲೈವ್‌ಗೆ 1.6 ಹಾಕುತ್ತದೆ, ಒಟ್ಟು 40. ಯೂರೋಕೋಡ್ 1.35 ಮತ್ತು 1.5 ಹಾಕಿ 42ಕ್ಕೆ ಬರುತ್ತದೆ. ಹಳೆಯ ಬ್ರಿಟಿಷ್ ಕೋಡ್ ಬಿಎಸ್ 8110ರಲ್ಲಿ 1.4 ಮತ್ತು 1.6, ಅಂದರೆ 44. ನಡುವಿನ ಮೊಮೆಂಟ್ (ಬೀಮನ್ನು ಬಾಗಿಸುವ ಪರಿಣಾಮ) ಐಎಸ್‌ನಲ್ಲಿ 202.5 ಕಿಲೋನ್ಯೂಟನ್ ಮೀಟರ್, ಯೂರೋಕೋಡ್‌ನಲ್ಲಿ 189, ಎಸಿಐನಲ್ಲಿ 180.

ಈಗ ಸರಳಿನ ಲೆಕ್ಕ. ಅಗಲ 300, ಪರಿಣಾಮಕಾರಿ ಆಳ 500 ಮಿ.ಮೀ., ಕಾಂಕ್ರೀಟ್ ಮತ್ತು ಸರಳಿನ ದರ್ಜೆ ಆ ಕಾಲಂನದೇ ಅಂದುಕೊಳ್ಳಿ. ಪ್ರತಿ ಕೋಡ್‌ನ ಲೋಡ್‌ಗೆ ಅದರದೇ ಸಾಮರ್ಥ್ಯದ ಸೂತ್ರ ಹಾಕಿದರೆ ಐಎಸ್ 1089 ಚದರ ಮಿ.ಮೀ. ಕೇಳುತ್ತದೆ, ಯೂರೋಕೋಡ್ 972, ಎಸಿಐ 875. ಐಎಸ್‌ಗೆ ಹೋಲಿಸಿದರೆ ಎಸಿಐನಲ್ಲಿ ಸರಳು ಸುಮಾರು ಶೇ 20 ಕಡಿಮೆ. ಮೂರೂ ಸರಿಯಾದ ಉತ್ತರಗಳೇ. ಡೆಡ್ ಲೋಡ್ ಜಾಸ್ತಿ ಇರುವ ಸಾಮಾನ್ಯ ಕಟ್ಟಡದ ಬೀಮ್‌ನಲ್ಲಿ ಇಷ್ಟು ಅಂತರ ಬಂದರೆ ಗಾಬರಿ ಬೇಡ.

ಇನ್ನೊಂದು ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಅದೇ ಬೀಮ್‌ನಲ್ಲಿ ಡೆಡ್ 10, ಲೈವ್ 20 ಎಂದು ಅದಲುಬದಲು ಮಾಡಿ ನೋಡಿ. ಐಎಸ್ 45, ಎಸಿಐ 44, ಯೂರೋಕೋಡ್ 43.5. ಅಂತರ ಹೆಚ್ಚುಕಡಿಮೆ ಮಾಯವಾಯಿತು. ಲೈವ್ ಲೋಡ್ ಹೆಚ್ಚಾದಷ್ಟೂ ಫ್ಯಾಕ್ಟರ್‌ ಹಾಕಿದ ಲೋಡ್‌ಗಳು ಹತ್ತಿರ ಬರಬೇಕು. ನಿಮ್ಮ ಹೋಲಿಕೆಯಲ್ಲಿ ಹಾಗೆ ಬರದಿದ್ದರೆ ತಪ್ಪು ಫ್ಯಾಕ್ಟರ್‌ನಲ್ಲಿಲ್ಲ. ಲೋಡ್ ಹಾಕಿದ ರೀತಿಯಲ್ಲೋ, ಡೆಡ್ ಯಾವುದು ಲೈವ್ ಯಾವುದು ಎಂದು ಬೇರೆ ಮಾಡಿದ್ದರಲ್ಲೋ ಇದೆ. ಒಳಗೋಡೆಗಳ ತೂಕವನ್ನು ಒಬ್ಬರು ಡೆಡ್‌ನಲ್ಲೂ ಇನ್ನೊಬ್ಬರು ಲೈವ್‌ನಲ್ಲೂ ಸೇರಿಸಿರುತ್ತಾರೆ. ಐಎಸ್‌ನಲ್ಲಿ ಎರಡಕ್ಕೂ 1.5 ಇರುವುದರಿಂದ ಈ ಎಡವಟ್ಟು ಕಾಣುವುದೇ ಇಲ್ಲ. ಎಸಿಐಗೆ ಹೋದ ಕೂಡಲೇ ಹೊರಗೆ ಬರುತ್ತದೆ.

ಯೂರೋಕೋಡ್ ಒಳಗೇ ಎರಡು ದಾರಿ ಇರುವುದನ್ನೂ ಮರೆಯಬೇಡಿ. 6.10 ಎಂಬ ಸಮೀಕರಣ ಬಳಸಿದರೆ ಮೊದಲಿನ ಬೀಮ್‌ಗೆ 42. 6.10ಎ ಮತ್ತು 6.10ಬಿ ಜೋಡಿ ಬಳಸಿದರೆ ಒಂದು 37.5, ಇನ್ನೊಂದು 37.95. ದೊಡ್ಡದನ್ನು ತೆಗೆದುಕೊಂಡರೂ ಶೇ 10ರಷ್ಟು ಕಡಿಮೆ. ಯಾವುದನ್ನು ಬಳಸಬೇಕು ಎಂದು ಆಯಾ ದೇಶದ ರಾಷ್ಟ್ರೀಯ ಅನುಬಂಧ ಹೇಳುತ್ತದೆ. ಹಾಗಾಗಿ ಯಾರಾದರೂ "ಯೂರೋಕೋಡ್ ಪ್ರಕಾರ ಮಾಡಿದ್ದೇವೆ" ಅಂದರೆ ಯಾವ ಸಮೀಕರಣ, ಯಾವ ದೇಶದ ಅನುಬಂಧ ಅಂತ ಮೊದಲು ಕೇಳಿ.

ಜೋಡಿ ಒಡೆದಿದೆಯೇ?

ನನ್ನ ಕಾಲಂನ ದೋಷ ಇದ್ದದ್ದು ಇಲ್ಲೇ. ನಾನು ನೋಡಿದ ದೋಷಗಳಲ್ಲಿ ಅತ್ಯಂತ ಅಪಾಯದ್ದೂ ಇದೇ.

ಲೋಡ್ ಫ್ಯಾಕ್ಟರ್ ಅನ್ನುವುದು ಒಂಟಿಯಾಗಿ ಬದುಕುವ ಸಂಖ್ಯೆಯಲ್ಲ. ಅದು ಒಂದು ಜೋಡಿಯ ಅರ್ಧ. ಇನ್ನರ್ಧ ಸಾಮರ್ಥ್ಯದ ಕಡೆ ಇರುತ್ತದೆ. ಐಎಸ್ ಮತ್ತು ಯೂರೋಕೋಡ್ ಸಾಮಗ್ರಿಯ ಬಲವನ್ನೇ ಇಳಿಸುತ್ತವೆ. ಕಾಂಕ್ರೀಟ್‌ನ ಬಲವನ್ನು 1.5ರಿಂದ, ಸರಳಿನದನ್ನು 1.15ರಿಂದ ಭಾಗಿಸುತ್ತವೆ. ಎಸಿಐ ಬಲವನ್ನು ಹಾಗೇ ಇಟ್ಟು, ಕೊನೆಯಲ್ಲಿ ಬರುವ ಒಟ್ಟು ಸಾಮರ್ಥ್ಯವನ್ನು ಫೈ ಎಂಬ ಸಂಖ್ಯೆಯಿಂದ ಇಳಿಸುತ್ತದೆ. ಬೀಮ್ ಬಾಗುವಾಗ ಸರಳು ಚೆನ್ನಾಗಿ ಹಿಗ್ಗುವಂತಿದ್ದರೆ ಫೈ 0.9. ಶಿಯರ್‌ಗೆ (ಕತ್ತರಿಸುವ ಬಲಕ್ಕೆ) 0.75. ಟೈ (ಉದ್ದ ಸರಳುಗಳನ್ನು ಸುತ್ತುವ ಅಡ್ಡ ಕಂಬಿ) ಕಟ್ಟಿದ ಕಾಲಂ ಅಮುಕಿಯೇ ಮುರಿಯುವಂತಿದ್ದರೆ 0.65. ಕಾಲಂ ಮುನ್ಸೂಚನೆ ಕೊಡದೆ ಕುಸಿಯುತ್ತದೆ, ಕುಸಿದರೆ ಮೇಲಿನ ಮಹಡಿಗಳೂ ಜೊತೆಗೆ ಬರುತ್ತವೆ. ಅದಕ್ಕೇ ಅಷ್ಟು ಬಿಗಿ.

ಈಗ ನನ್ನ ಕಾಲಂ ನೋಡಿ. ಐಎಸ್ ಪ್ರಕಾರ ಲೋಡ್ 1.5 × 1500, ಅಂದರೆ 2250. ಸಾಮರ್ಥ್ಯ 0.4 × 25 × ಕಾಂಕ್ರೀಟ್ ವಿಸ್ತೀರ್ಣ, ಅದಕ್ಕೆ 0.67 × 500 × ಸರಳಿನ ವಿಸ್ತೀರ್ಣ ಕೂಡಿಸಿ 2123. ಫೇಲ್. ಎಸಿಐ ಪ್ರಕಾರ ಲೋಡ್ 1.2 × 1000, ಅದಕ್ಕೆ 1.6 × 500 ಕೂಡಿಸಿ 2000. ಸಾಮರ್ಥ್ಯ, ಫೈ 0.65 ಮತ್ತು ಆಕಸ್ಮಿಕ ವಾಲುವಿಕೆಗೆ ಇಟ್ಟ 0.80 ಎರಡೂ ಸೇರಿ, 1818. ಅದೂ ಫೇಲ್. ನನ್ನ ಹಾಳೆಯಲ್ಲಿ ಲೋಡ್ ಭಾಗವನ್ನು ಬೇರೆ ಕೆಲಸದಿಂದ ತಂದಿದ್ದೆ, ಅದು ಎಸಿಐನ 2000. ಕಾಲಂ ಭಾಗ ನನ್ನದೇ ಹಳೆಯದು, ಅದು ಐಎಸ್‌ನ 2123. ಎರಡು ಸಾವಿರ ಎರಡು ಸಾವಿರದ ನೂರಿಪ್ಪತ್ಮೂರಕ್ಕಿಂತ ಕಡಿಮೆ ತಾನೇ? ಪಾಸ್.

ಇದೇ ಕಲಬೆರಕೆಯನ್ನು ಮೊದಲಿನ ಬೀಮ್‌ನಲ್ಲಿ ಮಾಡಿದರೆ 947 ಚದರ ಮಿ.ಮೀ. ಬರುತ್ತದೆ. ಅದು ಐಎಸ್‌ಗೆ ಕಡಿಮೆ, ಆದರೆ ಎಸಿಐ ಕೇಳುವ 875ಕ್ಕಿಂತ ಜಾಸ್ತಿ. ಹಾಗಾಗಿ ಬೀಮ್ ಪರೀಕ್ಷಿಸಿ "ಏನೂ ಆಗಲ್ಲ" ಅಂದುಕೊಂಡವರು ಕಾಲಂನಲ್ಲಿ ಮೋಸ ಹೋಗುತ್ತಾರೆ. ಕಲಬೆರಕೆಯ ಅನುಮಾನ ಬಂದರೆ ಮೊದಲು ಕಾಲಂ ನೋಡಿ, ಆಮೇಲೆ ಶಿಯರ್ ನೋಡಿ. ಬೀಮ್‌ನ ಬಾಗುವಿಕೆ ಕೊನೆಗೆ ಸಾಕು.

ಒಂದೇ ಕೋಡ್‌ನ ಎರಡು ಆವೃತ್ತಿಗಳ ನಡುವೆಯೂ ಜೋಡಿ ಒಡೆಯಬಹುದು. 2002ಕ್ಕಿಂತ ಮೊದಲು ಎಸಿಐನಲ್ಲಿ ಡೆಡ್‌ಗೆ 1.4, ಲೈವ್‌ಗೆ 1.7 ಇತ್ತು. ಆಗ ಟೈ ಕಾಲಂಗೆ ಫೈ 0.70, ಶಿಯರ್‌ಗೆ 0.85. 2002ರಲ್ಲಿ ಲೋಡ್ ಫ್ಯಾಕ್ಟರ್ ಇಳಿದಾಗ ಈ ಎರಡು ಫೈಗಳೂ ಇಳಿದವು. ಹಳೆಯ ಪುಸ್ತಕದ ಉದಾಹರಣೆಯಿಂದ 0.85 ತೆಗೆದುಕೊಂಡು ಹೊಸ 1.2 ಮತ್ತು 1.6ರ ಜೊತೆ ಸೇರಿಸಿದರೆ ಶಿಯರ್ ಸಾಮರ್ಥ್ಯ ಶೇ 13ರಷ್ಟು ಉಬ್ಬುತ್ತದೆ. ಲೆಕ್ಕದಲ್ಲಿ 0.85 ಕಂಡರೆ ಅದು ಯಾವುದರ 0.85 ಎಂದು ಬೆರಳಿಟ್ಟು ಕೇಳಿ. ಎಸಿಐನ ಒತ್ತಡದ ಬ್ಲಾಕ್‌ನಲ್ಲೂ (ಕಾಂಕ್ರೀಟ್ ತಡೆಯುವ ಒತ್ತಡದ ಸರಳ ರೂಪ) ಇದೇ ಸಂಖ್ಯೆ ಇದೆ, ಕಣ್ಣು ಸುಲಭವಾಗಿ ಜಾರುತ್ತದೆ.

ಕಾಂಕ್ರೀಟ್‌ನ ಬಲದ್ದು ಇನ್ನೊಂದು ಕಥೆ. ಐಎಸ್‌ನ ಎಂ25 ಎಂದರೆ ಘನಾಕಾರದ ತುಂಡನ್ನು ಅಮುಕಿ ಅಳೆದ ಬಲ. ಎಸಿಐ, ಯೂರೋಕೋಡ್ ಎರಡೂ ಸಿಲಿಂಡರ್ ಬಲ ಬಳಸುತ್ತವೆ, ಅದು ಘನದ ಬಲದ ಸುಮಾರು 0.8 ಪಾಲು. ಯೂರೋಕೋಡ್ ಸಿ25/30 ಎಂದು ಎರಡನ್ನೂ ಬರೆಯುವುದು ಅದಕ್ಕೇ. ನನ್ನ ಕಾಲಂಗೆ ಎಸಿಐ ಸೂತ್ರದಲ್ಲಿ 20ರ ಬದಲು 25 ಹಾಕಿದ್ದರೆ ಸಾಮರ್ಥ್ಯ 1818ರಿಂದ 2168ಕ್ಕೆ ಏರುತ್ತಿತ್ತು. ಶೇ 19 ಜಾಸ್ತಿ! ಇದು ಲೋಡ್ ಕಾಂಬಿನೇಷನ್‌ನ ತಪ್ಪೇ ಅಲ್ಲ. ಆದರೆ ಜನ ಹುಡುಕುವುದು ಕಾಂಬಿನೇಷನ್‌ನಲ್ಲಿ. ಅದಕ್ಕೇ ಇಲ್ಲಿ ಹೇಳಿದೆ.

ಗಾಳಿ: ಫ್ಯಾಕ್ಟರ್ ಎಲ್ಲಿ ಅಡಗಿದೆ?

ಐಎಸ್ 456ರಲ್ಲಿ ಗಾಳಿಗೆ 1.5, ಲೈವ್ ಕೂಡ ಜೊತೆಗಿದ್ದರೆ ಮೂರಕ್ಕೂ 1.2. ಈಗಿನ ಎಸಿಐನಲ್ಲಿ ಗಾಳಿಗೆ ಬರೀ 1.0. ಇದನ್ನು ನೋಡಿ ಅಮೆರಿಕದ ಕೋಡ್ ಧಾರಾಳ ಅಂದುಕೊಳ್ಳಬೇಡಿ. ಅಲ್ಲಿ ಫ್ಯಾಕ್ಟರ್ ಗಾಳಿಯ ನಕ್ಷೆಯೊಳಗೆ ಸೇರಿಹೋಗಿದೆ. ಅಲ್ಲಿನ ಲೋಡ್‌ಗಳ ಕೋಡ್ ಎಎಸ್‌ಸಿಇ 7ರ 2010ರ ಆವೃತ್ತಿ ಸಾಮಾನ್ಯ ಕಟ್ಟಡಗಳಿಗೆ 700 ವರ್ಷಕ್ಕೊಮ್ಮೆ ಬರುವಂಥ ಗಾಳಿಯ ವೇಗ ಕೊಡುತ್ತದೆ. ಭಾರತದ ಗಾಳಿಯ ಕೋಡ್ ಐಎಸ್ 875ರ ಮೂರನೇ ಭಾಗದ ನಕ್ಷೆಯಲ್ಲಿರುವುದು 50 ವರ್ಷದ ಗಾಳಿ. ಅದಕ್ಕೇ ಇಲ್ಲಿ 1.5 ಹೊರಗಿನಿಂದ ಹಾಕಬೇಕು.

ದೋಷ ಎರಡೂ ದಿಕ್ಕಿನಲ್ಲಿ ಬರುತ್ತದೆ. 700 ವರ್ಷದ ಗಾಳಿಗೆ ಹಳೆಯ ರೂಢಿಯಂತೆ ಮತ್ತೆ 1.6 ಹಾಕಿದರೆ ಕಟ್ಟಡ ಸುಮ್ನೆ ದಪ್ಪವಾಗುತ್ತದೆ. ಅದು ಹಣದ ನಷ್ಟ. 50 ವರ್ಷದ ಗಾಳಿಗೆ 1.0 ಹಾಕಿದರೆ ಸುರಕ್ಷತೆಗೇ ಕುತ್ತು. ಎಸಿಐ ಇದನ್ನು ಗಮನಿಸಿಯೇ ಗಾಳಿ ಸೇವಾ ಮಟ್ಟದ್ದಾದರೆ (ಫ್ಯಾಕ್ಟರ್ ಒಳಗೆ ಸೇರದ್ದಾದರೆ) 1.0ರ ಜಾಗದಲ್ಲಿ 1.6 ಬಳಸಿ ಎಂದು ಹೇಳಿದೆ. ಆ ಒಂದು ಸಾಲನ್ನು ಓದದೆ ದಾಟುವವರು ಬಹಳ.

ಫ್ಯಾಕ್ಟರ್ ಸರಿ ಇದ್ದರೂ ಉತ್ತರ ಕೂಡದಿದ್ದರೆ ವೇಗ ಎಷ್ಟು ಹೊತ್ತಿನ ಸರಾಸರಿ ಎಂದು ನೋಡಿ. ಐಎಸ್ ಮತ್ತು ಎಎಸ್‌ಸಿಇ 3 ಸೆಕೆಂಡಿನ ಬೀಸನ್ನು ಹಿಡಿಯುತ್ತವೆ. ಯೂರೋಕೋಡ್ 10 ನಿಮಿಷದ ಸರಾಸರಿಯಿಂದ ಶುರು ಮಾಡಿ, ಬೀಸಿನ ಹೆಚ್ಚಳವನ್ನು ಆಮೇಲೆ ಸೇರಿಸುತ್ತದೆ. ಒಂದರ ವೇಗವನ್ನು ಇನ್ನೊಂದರ ಸೂತ್ರಕ್ಕೆ ತುರುಕಿದರೆ ತಪ್ಪು ವರ್ಗದಲ್ಲಿ ಬೆಳೆಯುತ್ತದೆ. ವೇಗದಲ್ಲಿ ಶೇ 20 ತಪ್ಪಿದರೆ ಒತ್ತಡದಲ್ಲಿ ಶೇ 44.

ಭೂಕಂಪ: ಇಲ್ಲಿ ಫ್ಯಾಕ್ಟರ್ ಮಾತ್ರ ಹೋಲಿಸುವುದು ಅರ್ಥವಿಲ್ಲದ ಕೆಲಸ

ಐಎಸ್ 1893 ಭೂಕಂಪದ ಬಲಕ್ಕೆ 1.5 ಹಾಕುತ್ತದೆ, ಲೈವ್ ಜೊತೆಗಿದ್ದರೆ 1.2. ಎಸಿಐ 1.0. ಯೂರೋಕೋಡ್‌ನಲ್ಲೂ 1.0, ಅಲ್ಲಿ ಡೆಡ್‌ಗೂ 1.0, ಲೈವ್‌ನ ಒಂದು ಪಾಲು ಮಾತ್ರ. ಮನೆ, ಕಚೇರಿಗಳಿಗೆ ಆ ಪಾಲು 0.3.

ಆದರೆ ಈ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಯಾಕಂದರೆ ಅವು ಗುಣಿಸುವ ಬಲವೇ ಬೇರೆ ಬೇರೆ. ಐಎಸ್ ವಲಯದ ಸಂಖ್ಯೆಯನ್ನು ಅರ್ಧ ಮಾಡಿ, ಡಕ್ಟೈಲ್ ಆಗಿ (ಮುರಿಯದೆ ಬಾಗುವಂತೆ) ಕಟ್ಟಿದ ವಿಶೇಷ ಫ್ರೇಮ್ ಆದರೆ 5ರಿಂದ ಭಾಗಿಸುತ್ತದೆ. ಅಮೆರಿಕದ ಕೋಡ್ ಅತಿ ದೊಡ್ಡ ಭೂಕಂಪದ ಮೂರನೇ ಎರಡು ಪಾಲು ಹಿಡಿದು, ಅಂಥದೇ ಫ್ರೇಮ್‌ಗೆ 8ರಿಂದ ಭಾಗಿಸುತ್ತದೆ. ನಮ್ಮಲ್ಲಿ 5ರಿಂದ ಭಾಗಿಸಿ 1.5ರಿಂದ ಗುಣಿಸಿದರೆ ಕೊನೆಗೆ ಭಾಗಿಸಿದ್ದು 3.33ರಿಂದ. ಹೋಲಿಸಬೇಕಾದ್ದು ಈ ಕೊನೆಯ ಸಂಖ್ಯೆಯನ್ನು. ಇನ್ನೂ ಒಳ್ಳೆಯದು, ತಳದಲ್ಲಿ ಬರುವ ಫ್ಯಾಕ್ಟರ್ ಹಾಕಿದ ಒಟ್ಟು ಶಿಯರ್ ಹೋಲಿಸಿ.

ಅಮೆರಿಕದ ಲೆಕ್ಕ ಪರೀಕ್ಷಿಸುವಾಗ ನಾನು ತಪ್ಪದೆ ನೋಡುವ ಜಾಗ ಒಂದಿದೆ. ಅಲ್ಲಿ ಭೂಕಂಪ ಎಂದು ಬರೆದಿರುವುದರೊಳಗೆ ಮೇಲೆ ಕೆಳಗಿನ ಅಲುಗಾಟವೂ ಸೇರಿದೆ. ಅದು ಡೆಡ್ ಲೋಡ್‌ನ ಒಂದು ಪಾಲು, 0.2 × ಎಸ್‌ಡಿಎಸ್ (ಆ ಜಾಗದ ಭೂಕಂಪದ ತೀವ್ರತೆ ಹೇಳುವ ಸಂಖ್ಯೆ). ಎಸ್‌ಡಿಎಸ್ 1.0 ಇರುವ ಜಾಗದಲ್ಲಿ ಡೆಡ್‌ನ ಫ್ಯಾಕ್ಟರ್ 1.2 ಅಲ್ಲ, ನಿಜವಾಗಿ 1.4. ಎತ್ತುವ ಕಾಂಬಿನೇಷನ್‌ನಲ್ಲಿ 0.9 ಅಲ್ಲ, 0.7. ಸಾಫ್ಟ್‌ವೇರ್‌ನಲ್ಲಿ ಕಾಂಬಿನೇಷನ್ ಕೈಯಾರೆ ಬರೆದವರು ಇದನ್ನು ಬಿಟ್ಟಿರುತ್ತಾರೆ.

ಬಿಟ್ಟುಹೋದ 0.9

ತುದಿಯ ಕಾಲಂ ಒಂದರಲ್ಲಿ ಡೆಡ್ ಲೋಡ್ 300 ಕಿಲೋನ್ಯೂಟನ್ ಒತ್ತುತ್ತಿದೆ. 50 ವರ್ಷದ ಗಾಳಿ ಅದನ್ನು 220ರಷ್ಟು ಮೇಲಕ್ಕೆ ಎಳೆಯುತ್ತದೆ. 1.5 (ಡೆಡ್ + ಗಾಳಿ) ಹಾಕಿದರೆ 120 ಒತ್ತಡ ಉಳಿಯುತ್ತದೆ. ಎಲ್ಲ ಸರಿ ಅನಿಸುತ್ತದೆ. ಆದರೆ ಇಲ್ಲಿ ಹಿಡಿದಿಡುವ ಡೆಡ್ ಅನ್ನು ಕಡಿಮೆ ಎಣಿಸಿ, 0.9 ಡೆಡ್, 1.5 ಗಾಳಿ ಹಾಕಿ ನೋಡಿ: 270ರಲ್ಲಿ 330 ಕಳೆದರೆ 60 ಎಳೆತ! ಫುಟಿಂಗ್‌ನಿಂದ ಕಾಲಂ ಕಿತ್ತು ಬರುವ ಕಡೆಗೆ ಬಲ ತಿರುಗಿದೆ. ಹಳೆಯ ಎಸಿಐನ 0.9 ಮತ್ತು 1.6ರಲ್ಲಿ ಎಳೆತ 82. ಯೂರೋಕೋಡ್‌ನಲ್ಲಿ ಸದಸ್ಯದ ಬಲಕ್ಕೆ 1.0 ಮತ್ತು 1.5 ಹಾಕಿದರೆ 30, ಉರುಳುವಿಕೆಯ ಸಮತೋಲಕ್ಕೆ 0.9 ಮತ್ತು 1.5 ಹಾಕಿದರೆ 60.

ಮೂರೂ ಕೋಡ್‌ಗಳು ಎಳೆತ ಇದೆ ಎನ್ನುವುದರಲ್ಲಿ ಒಂದಾಗಿವೆ. ನಿಮ್ಮ ಫಲಿತಾಂಶದಲ್ಲಿ ಎಲ್ಲ ಕಾಲಂಗಳೂ ಒತ್ತಡದಲ್ಲೇ ಇದ್ದರೆ, ಕಟ್ಟಡ ಹಗುರವೋ ತೆಳ್ಳಗೆ ಎತ್ತರವೋ ಆಗಿದ್ದರೆ, ಕಾಂಬಿನೇಷನ್ ಪಟ್ಟಿ ತೆರೆದು 0.9ರ ಸಾಲುಗಳಿವೆಯೇ ಎಂದು ಎಣಿಸಿ. ಎರಡು ದಿಕ್ಕು, ಪ್ರತಿ ದಿಕ್ಕಿಗೂ ಕೂಡು ಮತ್ತು ಕಳೆ ಎರಡೂ ಇರಬೇಕು. ಪಟ್ಟಿ ಉದ್ದವಾಯಿತು ಎಂದು ಅಳಿಸುವವರು ಮೊದಲು ಅಳಿಸುವುದು ಇವನ್ನೇ.

ಫುಟಿಂಗ್ ಮತ್ತು ಇತರ ಚಿಕ್ಕ ಜಾಗಗಳು

ಫುಟಿಂಗ್ ಅಳತೆ ಎರಡು ಕಡೆ ಒಂದೂವರೆ ಪಟ್ಟು ಬೇರೆ ಬಂದರೆ ಕಾರಣ ಹೆಚ್ಚಾಗಿ ಒಂದೇ. ಮಣ್ಣಿನ ಸುರಕ್ಷಿತ ಒತ್ತಡಕ್ಕೆ ಫ್ಯಾಕ್ಟರ್ ಹಾಕದ ಲೋಡ್ ಹೋಲಿಸಬೇಕು. 900 ಕಿಲೋನ್ಯೂಟನ್, ಮಣ್ಣಿಗೆ ಚದರ ಮೀಟರ್‌ಗೆ 150 ಆದರೆ, ಫುಟಿಂಗ್‌ನ ಸ್ವಂತ ತೂಕ ಬಿಟ್ಟು, 6 ಚದರ ಮೀಟರ್ ಸಾಕು. 1.5 ಹಾಕಿದ ಲೋಡ್ ತೆಗೆದುಕೊಂಡರೆ 9 ಆಗುತ್ತದೆ. ಸುರಕ್ಷತೆಯನ್ನು ಎರಡು ಸಲ ಎಣಿಸಿದಂತೆ, ಅಲ್ವಾ? ಫುಟಿಂಗ್‌ನ ದಪ್ಪ ಮತ್ತು ಸರಳಿಗೆ ಮಾತ್ರ ಫ್ಯಾಕ್ಟರ್ ಹಾಕಿದ ಲೋಡ್. ಉಲ್ಟಾ ತಪ್ಪು, ಅಂದರೆ ಸರಳಿಗೂ ಸೇವಾ ಲೋಡ್ ಬಳಸುವುದು, ಅಪರೂಪ. ಆದರೆ ಅಪಾಯ ಜಾಸ್ತಿ.

ಸಾಲು ಬೀಮ್‌ಗಳಲ್ಲಿ ಮೊಮೆಂಟ್ ಹೊಂದದಿದ್ದರೆ ಲೈವ್ ಲೋಡ್ ಯಾವ ಯಾವ ಅಂಕಣದಲ್ಲಿ (ಎರಡು ಆಧಾರಗಳ ನಡುವಿನ ಭಾಗದಲ್ಲಿ) ಇಟ್ಟಿದ್ದಾರೆ ನೋಡಿ. ವಿನ್ಯಾಸದ ಲೈವ್ ಲೋಡ್ ಡೆಡ್‌ನ ಮುಕ್ಕಾಲು ಪಾಲು ಮೀರದಿದ್ದರೆ ಎಲ್ಲ ಅಂಕಣಗಳಲ್ಲೂ ತುಂಬಿಸಲು ಐಎಸ್ 456 ಬಿಡುತ್ತದೆ. ಬಿಎಸ್ 8110 ಲೈವ್ ಇಲ್ಲದ ಅಂಕಣದಲ್ಲಿ ಡೆಡ್‌ಗೆ 1.0 ಮಾತ್ರ ಹಾಕುತ್ತದೆ, ಹಾಗಾಗಿ ಅಂಕಣದ ನಡುವಿನ ಮೊಮೆಂಟ್ ಏರುತ್ತದೆ.

ಪಿ ಡೆಲ್ಟಾ ಲೆಕ್ಕದಲ್ಲಿ ಕಾಂಬಿನೇಷನ್ ಅನ್ನು ಫಲಿತಾಂಶಗಳ ಕೂಡಿಕೆಯಾಗಿ ಮಾಡಬಾರದು. ಡೆಡ್ ಬೇರೆ, ಗಾಳಿ ಬೇರೆ ಓಡಿಸಿ ಕೂಡಿದರೆ ಗಾಳಿ ವಾಲಿಸಿದ ಕಾಲಂ ಮೇಲೆ ಡೆಡ್ ಕೂತಾಗ ಹೆಚ್ಚುವ ಮೊಮೆಂಟ್ ಕಾಣುವುದೇ ಇಲ್ಲ. ಲೋಡ್‌ಗಳನ್ನು ಮೊದಲು ಸೇರಿಸಿ, ಆಮೇಲೆ ಓಡಿಸಬೇಕು. ಸ್ಟ್ಯಾಡ್ ಸಾಫ್ಟ್‌ವೇರ್‌ನಲ್ಲಿ ರಿಪೀಟ್ ಲೋಡ್ ಎಂಬ ಆಯ್ಕೆ ಇರುವುದು ಇದಕ್ಕೇ.

ಸಮಯ ಕಡಿಮೆ ಇದ್ದರೆ

ಎಲ್ಲವನ್ನೂ ನೋಡಲು ಆಗದ ದಿನ ನಾನು ಒಂದು ಒಳಗಿನ ಕಾಲಂ ಹಿಡಿಯುತ್ತೇನೆ. ಗಾಳಿ, ಭೂಕಂಪ ಎರಡನ್ನೂ ಪಕ್ಕಕ್ಕಿಟ್ಟು, ಡೆಡ್ ಮತ್ತು ಲೈವ್ ಮಾತ್ರ ಬರೆಯುತ್ತೇನೆ. ಎರಡೂ ಕೋಡ್‌ಗಳಲ್ಲಿ ಫ್ಯಾಕ್ಟರ್ ಹಾಕಿದ ಲೋಡ್ ಹೋಲಿಸುವುದಿಲ್ಲ. ಆ ಕಾಲಂ ಫ್ಯಾಕ್ಟರ್ ಇಲ್ಲದ ಎಷ್ಟು ಲೋಡ್ ಹೊರಬಲ್ಲದು ಎಂದು ಹೋಲಿಸುತ್ತೇನೆ. ನನ್ನ ಕಾಲಂಗೆ, ಡೆಡ್ ಮತ್ತು ಲೈವ್ ಎರಡಕ್ಕೊಂದು ಪಾಲಿನಲ್ಲಿದ್ದಾಗ, ಐಎಸ್ 1415 ಕೊಡುತ್ತದೆ, ಎಸಿಐ 1364. ಶೇ 4ರ ಅಂತರ. ನನ್ನ ಕಲಬೆರಕೆ ಹಾಳೆ 1592 ಕೊಡುತ್ತಿತ್ತು. ಹೀಗೆ ಇಟ್ಟಿದ್ದರೆ ತಪ್ಪು ಮೊದಲ ದಿನವೇ ಕಾಣುತ್ತಿತ್ತು.

ಕಾಲಂ ಸರಿ ಮಾಡಿದ್ದು ಹೀಗೆ. ಕೆಲಸ ಐಎಸ್ 456ರದ್ದು, ಆದ್ದರಿಂದ ಲೋಡ್ ಭಾಗವನ್ನು 1.5ಕ್ಕೆ ತಂದೆವು. ಕೇಳಿದ ಸರಳು 2000 ಚದರ ಮಿ.ಮೀ. ಮೂಲೆಯ ನಾಲ್ಕು ಸರಳುಗಳನ್ನು 16ರಿಂದ 20ಕ್ಕೆ ಏರಿಸಿದೆವು, 2061 ಬಂತು. ಅದೇ ಕಾಲಂ ಎಸಿಐನಲ್ಲಿ ಮಾಡಿದ್ದರೆ, ಲೋಡ್ 250 ಕಿಲೋನ್ಯೂಟನ್ ಕಡಿಮೆ ಇದ್ದರೂ, 2332 ಬೇಕಾಗುತ್ತಿತ್ತು, ಅಂದರೆ ಎಂಟೂ 20 ಮಿ.ಮೀ. ಸರಳು. ಈಗ ನನ್ನ ಪ್ರತಿ ಲೆಕ್ಕದ ಮೊದಲ ಹಾಳೆಯಲ್ಲಿ ನಾಲ್ಕು ಸಾಲು ಇರುತ್ತದೆ: ಲೋಡ್ ಯಾವ ಕೋಡ್, ಯಾವ ವರ್ಷ; ಸಾಮರ್ಥ್ಯ ಯಾವ ಕೋಡ್, ಯಾವ ವರ್ಷ; ಗಾಳಿ ಎಷ್ಟು ವರ್ಷದ್ದು; ಕಾಂಕ್ರೀಟ್‌ನ ಬಲ ಘನದ್ದೋ ಸಿಲಿಂಡರ್‌ದೋ.